ಸೋರೋದು ಶೀಟಲ್ಲ, ಮೊಳೆ: ಮಳೆಗಾಲಕ್ಕೆ ಮುಂಚೆ ಶೆಡ್ಡಿನ ಮಾಡು ಒಮ್ಮೆ ನೋಡಿ

2021ರ ಜುಲೈ. ಹಿಡಿದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಸಾಗರದ ಹತ್ತಿರದ ನಮ್ಮ ತೋಟದ ಶೆಡ್ಡಿನಲ್ಲಿ ಆರು ಚೀಲ ಕಾಳುಮೆಣಸು ಇತ್ತು. ರೇಟು ಬರಲಿ ಅಂತ ಮಾರ್ಚ್‌ನಿಂದ ಕಾಯ್ತಾ ಇದ್ದೆ. ಒಂದು ಬೆಳಿಗ್ಗೆ ಚೀಲ ಮುಟ್ಟಿದರೆ ತಣ್ಣಗಿದೆ. ಬಿಚ್ಚಿ ಕೈ ಹಾಕಿದರೆ ಮೆಣಸು ಮುದ್ದೆ ಕಟ್ಟಿದೆ, ಮೇಲೆ ಬಿಳಿ ಬೂಷ್ಟು. ಮೇಲೆ ನೋಡಿದರೆ ಶೀಟಿನಲ್ಲಿ ತೂತಿಲ್ಲ, ಬಿರುಕಿಲ್ಲ. ಒಂದು ಸ್ಕ್ರೂವಿನ ಬುಡದಿಂದ ಮಾತ್ರ ಹನಿ ಹನಿಯಾಗಿ ನೀರು ಇಳೀತಾ ಇತ್ತು.

ನಾನು ಪೇಟೆಗೆ ಹೋಗಿ ಟಾರ್ಪಾಲು ತರುವಷ್ಟರಲ್ಲಿ ಅಪ್ಪ ಏಣಿ ಹಾಕಿ, ಡಾಂಬರಿನ ಡಬ್ಬಿ ಹಿಡಿದು ಮೇಲೆ ಹತ್ತಿದ್ದರು. ಬೆಳಕು ಬರಲಿ ಅಂತ ನಡುವೆ ಒಂದು ಫೈಬರ್ ಶೀಟ್ ಹಾಕಿಸಿದ್ದೆವು. ಪಾಚಿ ಕಟ್ಟಿ ಅದು ಯಾವುದು, ತಗಡು ಯಾವುದು ಅಂತ ಗೊತ್ತಾಗೋ ಹಾಗಿರಲಿಲ್ಲ. ಅಪ್ಪ ಅದರ ಮೇಲೇ ಕಾಲಿಟ್ಟಿದ್ದಾರೆ. ತೊಡೆಯವರೆಗೆ ಒಳಗೆ ಹೋದರು. ಕೈಗೆ ಪೈಪು ಸಿಕ್ಕಿತು, ಬದುಕಿದರು. ಕೆಳಗೆ ಹದಿನೈದು ಅಡಿ, ಸಿಮೆಂಟ್ ನೆಲ.

ಸಾವಯವ ಮೆಣಸು ಕೊಳ್ಳುವವರು ಬೂಷ್ಟಿನ ವಾಸನೆ ಬಂದ ಮಾಲು ಮುಟ್ಟಲಿಲ್ಲ. ತೋಟಗಾರಿಕೆ ಡಿಗ್ರಿ ಓದಿದವ ನಾನು. ಮೆಣಸನ್ನು ಶೇ. 10-11 ತೇವಾಂಶಕ್ಕೆ ಒಣಗಿಸಿ ಇಡಬೇಕು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವ. ಅಷ್ಟು ಕಷ್ಟಪಟ್ಟು ಒಣಗಿಸಿದ ಮೆಣಸಿನ ಮೇಲಿನ ಮಾಡು ಹೇಗಿದೆ ಅಂತ ನಾಲ್ಕು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಮಳೆ ಹೊಳವಾದ ಮೇಲೆ ನಾನೂ ಒಬ್ಬ ಅನುಭವಸ್ಥ ಕೆಲಸಗಾರರೂ ಸೇರಿ ಎಲ್ಲಾ ಸ್ಕ್ರೂ ನೋಡುತ್ತಾ ಹೋದೆವು. 40 ಅಡಿಗೆ 25 ಅಡಿ ಶೆಡ್ಡು. ಒಟ್ಟು 436 ಸ್ಕ್ರೂ. 71 ಕೆಟ್ಟಿದ್ದವು. ಎಲ್ಲ ಒಂದೇ ಕಾರಣಕ್ಕೆ ಕೆಟ್ಟಿರಲಿಲ್ಲ. ಆ ಕಾರಣಗಳನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೇನೆ. ಒಂದು ಲೆಕ್ಕ ನೆನಪಿಡಿ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಸಾವಿರ ಚದರಡಿ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಬಿದ್ದರೆ 9,300 ಲೀಟರ್ ನೀರು ಈ ಸ್ಕ್ರೂಗಳ ತಲೆ ಸವರಿಕೊಂಡು ಹರಿದು ಹೋಗುತ್ತದೆ.

ಮೊದಲು ನೋಡಿ: ಸೋರಿಕೆಯೋ, ಬೆವರೋ?

ಶೀಟಿನ ಕೆಳಗೆ ಕಂಡ ಹನಿಯೆಲ್ಲ ಸೋರಿಕೆ ಅಲ್ಲ. ಚಳಿಯ ಬೆಳಗಿನಲ್ಲಿ, ಮಳೆ ಇಲ್ಲದಿದ್ದರೂ, ಶೀಟಿನ ಕೆಳಮೈ ಪೂರ್ತಿ ಹನಿ ಕಟ್ಟಿದ್ದರೆ ಅದು ಬೆವರು. ಒಳಗಿನ ಹಸಿ ಗಾಳಿ ತಣ್ಣಗಿನ ತಗಡಿಗೆ ತಾಗಿ ನೀರಾಗಿರುತ್ತದೆ. ಕೊಟ್ಟಿಗೆ, ಎರೆಗೊಬ್ಬರದ ಶೆಡ್ಡುಗಳಲ್ಲಿ ಇದು ಮಾಮೂಲು. ಇದಕ್ಕೆ ಸ್ಕ್ರೂ ಬದಲಿಸಿ ಪ್ರಯೋಜನ ಇಲ್ಲ, ಗಾಳಿಯಾಡಲು ಮೇಲೆ ದಾರಿ ಬಿಡಬೇಕು.

ಒಂದೇ ಜಾಗದಲ್ಲಿ, ಮಳೆ ಬಂದಾಗ ಮಾತ್ರ ಹನಿ ಬಿದ್ದು, ಸುತ್ತ ಕೆಂಪು ಗೆರೆ ಇಳಿದಿದ್ದರೆ ಅದು ಮೊಳೆಯ ಕೆಲಸ. ಆದರೆ ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕು ಅಂತಿಲ್ಲ. ನೀರು ಶೀಟಿನ ಅಡಿಗುಂಟವೋ ಪೈಪಿನ ಗುಂಟವೋ ಜಾರಿ ಬಂದು ಬೇರೆಲ್ಲೋ ಬೀಳುತ್ತದೆ. ಹನಿ ಬಿದ್ದಲ್ಲಿಂದ ಇಳಿಜಾರಿನ ಮೇಲ್ಮುಖಕ್ಕೆ ಹುಡುಕುತ್ತಾ ಹೋಗಿ.

ಬಿಸಿಲಿರುವ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿ ಒಳಗೆ ಕತ್ತಲು ಮಾಡಿಕೊಂಡು ಮೇಲೆ ನೋಡಿ. ಸೂಜಿ ಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಹೊಳೆಯುತ್ತದೆ. ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದುಕೊಳ್ಳಿ. ಪ್ರತಿ ವರ್ಷ ಅದೇ ಜಾಗದಿಂದ ತೆಗೆದರೆ ಯಾವುದು ಹೊಸದು, ಯಾವುದು ಹಳೆಯದು ಅಂತ ಗೊತ್ತಾಗುತ್ತದೆ.

1. ಅತಿಯಾಗಿ ಬಿಗಿದದ್ದು

ನಮ್ಮ 71ರಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು ಇದೇ. "ಗಟ್ಟಿ ಇರ್ಲಿ" ಅಂತ ಡ್ರಿಲ್ ಮೆಷಿನ್ ಬಿಡದೇ ಒತ್ತಿದ್ದರ ಫಲ. ಸ್ಕ್ರೂವಿನ ತಲೆಯ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದಲ್ಲ, ನೀರು ತಡೆಯೋದು ಅದು, ಸ್ಕ್ರೂ ಅಲ್ಲ. ಒಳ್ಳೆಯದಾದರೆ ಇಪಿಡಿಎಂ ಅನ್ನೋ ರಬ್ಬರ್ ಇರುತ್ತದೆ. ಅತಿ ಬಿಗಿದರೆ ಅದು ಹಿಂಡಿ ಹೊರಗೆ ಬಂದು ಹೂವಿನ ಎಸಳಿನ ಹಾಗೆ ಹರಡುತ್ತದೆ, ಎರಡೇ ಬೇಸಿಗೆಗೆ ಸೀಳುತ್ತದೆ. ಜೊತೆಗೆ ಶೀಟಿನ ಉಬ್ಬು ಒತ್ತಿ ತಗ್ಗಾಗುತ್ತದೆ. ನೀರು ಹರಿದು ಹೋಗಬೇಕಾದ ಜಾಗದಲ್ಲಿ ಸ್ಕ್ರೂವಿನ ಸುತ್ತಲೇ ಒಂದು ಪುಟ್ಟ ಕೆರೆ!

ಸರಿಯಾದ ಬಿಗಿ ಹೇಗಿರಬೇಕು? ರಬ್ಬರ್ ಚಪ್ಪಟೆಯಾಗಿ ಮೇಲಿನ ತಗಡಿನ ಬಿಲ್ಲೆಯ ಅಂಚಿಗೆ ಬಂದಿರಬೇಕು, ಅಂಚು ದಾಟಿ ಉಕ್ಕಿರಬಾರದು. ಬೆರಳಲ್ಲಿ ತಿರುಗಿಸಿದರೆ ವಾಷರ್ ತಿರುಗಬಾರದು. ಇಷ್ಟೇ ಪರೀಕ್ಷೆ.

2. ಸಡಿಲ ಬಿಟ್ಟದ್ದು, ಓರೆ ಹೊಡೆದದ್ದು

ಸಡಿಲ ಇದ್ದರೆ ವಾಷರ್ ಕೂರುವುದೇ ಇಲ್ಲ, ಅದು ಯಾರಿಗಾದರೂ ಗೊತ್ತು. ಓರೆಯದು ಮಾತ್ರ ಕಣ್ಣಿಗೆ ಬೀಳೋದು ಕಷ್ಟ. ಏಣಿಯ ಮೇಲೆ ನಿಂತು ಕೈ ಚಾಚಿ ಹೊಡೆದಾಗ ಸ್ಕ್ರೂ ಸ್ವಲ್ಪ ಓರೆ ಹೋಗುತ್ತದೆ. ವಾಷರಿನ ಒಂದು ಬದಿ ಅತಿಯಾಗಿ ಹಿಂಡಿರುತ್ತದೆ, ಇನ್ನೊಂದು ಬದಿ ಬಾಯಿ ಬಿಟ್ಟಿರುತ್ತದೆ. ಗಾಳಿಮಳೆ ಆ ಬದಿಯಿಂದ ಬಂದ ದಿನ ಮಾತ್ರ ಸೋರುತ್ತದೆ. "ಒಂದೊಂದು ಮಳೆಗೆ ಮಾತ್ರ ಸೋರುತ್ತೆ, ಯಾಕೆ ಅಂತ ತಿಳೀತಿಲ್ಲ" ಅಂತ ಯಾರಾದರೂ ಹೇಳಿದರೆ ಮೊದಲು ಓರೆ ಸ್ಕ್ರೂ ಹುಡುಕಿ.

3. ಪೈಪು ತಪ್ಪಿದ ಸ್ಕ್ರೂ

ಶೀಟಿನ ಮೇಲಿಂದ ಕೆಳಗಿನ ಪರ್ಲಿನ್ ಪೈಪು ಕಾಣುವುದಿಲ್ಲ. ಅಂದಾಜಿನ ಮೇಲೆ ಹೊಡೆದಾಗ ಕೆಲವು ತಪ್ಪುತ್ತವೆ. ಕೆಲಸದವರು ಪಕ್ಕದಲ್ಲಿ ಇನ್ನೊಂದು ಹೊಡೆದು, ತಪ್ಪಿದ್ದನ್ನು ಹಾಗೇ ಬಿಟ್ಟು ಹೋಗುತ್ತಾರೆ. ಹಿಡಿತವೇ ಇಲ್ಲದ ಆ ಸ್ಕ್ರೂ ಗಾಳಿಗೆ ಅಲ್ಲಾಡಿ ತೂತನ್ನು ದೊಡ್ಡದು ಮಾಡುತ್ತದೆ. ಶೀಟ್ ಹಾಕುವ ದಿನ ಎರಡೂ ತುದಿಗೆ ನೂಲು ಹಿಡಿದು ಪೈಪಿನ ಸಾಲು ಗುರುತು ಮಾಡಿಸಿ. ಕೆಲಸ ಮುಗಿದ ದಿನವೇ ಒಳಗೆ ನಿಂತು ನೋಡಿ. ಪೈಪಿನ ಪಕ್ಕ ಮೊನೆ ಇಣುಕಿದರೆ ಅದು ತಪ್ಪಿದ್ದು ಅಂತಲೇ ಅರ್ಥ. ದುಡ್ಡು ಕೊಡುವ ಮುಂಚೆ ಸರಿ ಮಾಡಿಸಿ.

ಉದ್ದವೂ ಮುಖ್ಯ. ಕಬ್ಬಿಣದ ಪೈಪಾದರೆ ಸ್ಕ್ರೂವಿನ ಕನಿಷ್ಠ ಮೂರು ಎಳೆ ಒಳಗಡೆಗೆ ದಾಟಿರಬೇಕು. ಮರವಾದರೆ ಕನಿಷ್ಠ ಒಂದು ಇಂಚು ಮರದೊಳಗೆ ಹೋಗಬೇಕು. ಮರಕ್ಕೆ ಬೇರೆ ಸ್ಕ್ರೂ, ಕಬ್ಬಿಣಕ್ಕೆ ಬೇರೆ. ಮರದ್ದಕ್ಕೆ ಎಳೆಗಳು ದೂರ ದೂರ, ದಪ್ಪ ಇರುತ್ತವೆ. ಅಂಗಡಿಯಲ್ಲಿ ಕೇಳುವಾಗಲೇ ಹೇಳಿ.

4. ಬಿಸಿಲಿನ ಹಿಗ್ಗು, ರಾತ್ರಿಯ ಕುಗ್ಗು

ಮಧ್ಯಾಹ್ನ ಶೆಡ್ಡಿನೊಳಗೆ "ಟಕ್ ಟಕ್" ಅಂತ ಸದ್ದು ಕೇಳಿರಬಹುದು. ಶೀಟು ಹಿಗ್ಗುವ ಸದ್ದು ಅದು. 20 ಅಡಿ, ಅಂದರೆ 6 ಮೀಟರ್ ಉದ್ದದ ಉಕ್ಕಿನ ಶೀಟು ರಾತ್ರಿಗೂ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಕಂಡರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಅಲ್ಯುಮಿನಿಯಂ ಆದರೆ ಹತ್ತಿರತ್ತಿರ ಅದರ ಎರಡರಷ್ಟು. ಶೀಟು ಸರಿಯುತ್ತದೆ, ಸ್ಕ್ರೂ ಸರಿಯುವುದಿಲ್ಲ. ವರ್ಷಕ್ಕೆ ನೂರಾರು ಸಲ ಹೀಗೆ ಜಗ್ಗಾಡಿ ದುಂಡಗಿದ್ದ ತೂತು ಉದ್ದ ಆಗುತ್ತದೆ. ಬಿಸಿಲಿಗೆ ರಬ್ಬರೂ ಒಣಗಿ ಬಿರುಕು ಬಿಟ್ಟಿರುತ್ತದೆ. ನಮ್ಮಲ್ಲಿ ಪಶ್ಚಿಮದ ಇಳಿಜಾರಿನ ವಾಷರ್‌ಗಳು ಪೂರ್ವದ್ದಕ್ಕಿಂತ ಮೊದಲು ಹೋಗಿದ್ದವು. ಶೀಟು ಹಾಕುವಾಗ ಅಗ್ಗದ ವಾಷರ್ ಕೊಂಡು ಉಳಿಸುವ ದುಡ್ಡು ದುಡ್ಡೇ ಅಲ್ಲ.

5. ಹಸಿ ಮರ, ಅಡಿಕೆ ದಬ್ಬೆ

ಮಲೆನಾಡಿನಲ್ಲಿ ಎಷ್ಟೋ ಕೊಟ್ಟಿಗೆ, ಸೌದೆಮನೆಗಳ ಮಾಡು ಇವತ್ತಿಗೂ ಮರದ ರೀಪು, ಅಡಿಕೆ ದಬ್ಬೆಗಳ ಮೇಲೇ ನಿಂತಿದೆ. ತಪ್ಪೇನಿಲ್ಲ. ತಪ್ಪಾಗೋದು ಬೇಸಿಗೆಯಲ್ಲಿ ಕಡಿದು ಅದೇ ವಾರ ಮೊಳೆ ಹೊಡೆದಾಗ. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಮೊಳೆ ಕುಗ್ಗುವುದಿಲ್ಲ. ಮೊಳೆಯ ಹಿಡಿತ ಸಡಿಲಾಗಿ ತಲೆ ಮೇಲೆ ಏಳುತ್ತದೆ. ಮಳೆಗಾಲದಲ್ಲಿ ಮರ ಮತ್ತೆ ಉಬ್ಬುತ್ತದೆ, ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಸುತ್ತಿಗೆ ತಗೊಂಡು ಎದ್ದ ಮೊಳೆಯನ್ನೇ ಮತ್ತೆ ಬಡಿದರೆ ಮುಂದಿನ ವರ್ಷ ಮತ್ತೆ ಏಳುತ್ತದೆ, ಯಾಕಂದ್ರೆ ಆ ತೂತೇ ಸಡಿಲವಾಗಿದೆ. ಹಳೆಯದನ್ನು ಕಿತ್ತು, ಇನ್ನೂ ದಪ್ಪ, ಉದ್ದದ ಸ್ಕ್ರೂ ಹಾಕಿ. ನುಣುಪು ಮೊಳೆಗಿಂತ ಮೈಮೇಲೆ ಉಂಗುರದಂಥ ಗೆರೆಗಳಿರುವ ಮೊಳೆ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ.

ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಅದನ್ನೂ ಗಮನಿಸಿ. ಮರದೊಳಗಿನ ಒಗರು ಅಂಶಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಹಸಿ ಇದ್ದಷ್ಟೂ ಮೊಳೆ ಒಳಗಿಂದೊಳಗೇ ಸವೆಯುತ್ತದೆ. ಕಲಾಯಿ ಮಾಡಿದ ಮೊಳೆಯನ್ನೇ ಬಳಸಿ.

6. ತುಕ್ಕು: ಗಂಜಲ, ಮೈಲುತುತ್ತ, ಕಬ್ಬಿಣದ ಪುಡಿ

ಇದು ನಮ್ಮಂಥ ಕೃಷಿಕರಿಗೇ ವಿಶೇಷ, ಪೇಟೆಯವರಿಗೆ ಗೊತ್ತಾಗುವುದಿಲ್ಲ. ಸ್ಕ್ರೂವಿನ ಮೇಲೆ ಬಿಳಿ ಹಿಟ್ಟು ಕಂಡರೆ ಸತುವಿನ ಲೇಪ ಕರಗುತ್ತಿದೆ ಅಂತ. ಕೆಂಪು ಕಂಡರೆ ಲೇಪ ಮುಗಿದು ಕಬ್ಬಿಣಕ್ಕೇ ಕೈ ಹಾಕಿದೆ ಅಂತ.

ಕೊಟ್ಟಿಗೆಯ ಗಂಜಲದಿಂದ ಏಳುವ ಅಮೋನಿಯಾ, ಮೇಲೆ ಬೆವರಿದ ಹನಿಯ ಜೊತೆ ಸೇರಿ ಸ್ಕ್ರೂವಿನ ಕೆಳತುದಿಯನ್ನು ತಿನ್ನುತ್ತದೆ. ಹೊರಗಿನಿಂದ ತಲೆ ಫಳಫಳ ಹೊಳೀತಾ ಇರುತ್ತದೆ, ಒಳಗೆ ಎಳೆಯೇ ಇರುವುದಿಲ್ಲ. ಹಾಗಾಗಿ ಕೊಟ್ಟಿಗೆಯ ಮಾಡನ್ನು ಒಳಗಿಂದಲೂ ನೋಡಿ. ಜೀವಾಮೃತದ, ಗಂಜಲದ ಡ್ರಮ್ಮುಗಳನ್ನು ಗಾಳಿಯಾಡದ ಮೂಲೆಯಲ್ಲಿ ಇಡಬೇಡಿ.

ಎರಡನೆಯದು ನಾನು ಕಣ್ಣಾರೆ ಕಂಡದ್ದು. ನಮ್ಮ ಶೆಡ್ಡಿನ ಒಂದು ಬದಿಗೆ ಅಡಿಕೆ ಮರಗಳಿವೆ. ಕೊಳೆಗೆ ಬೋರ್ಡೋ ಹೊಡೆಯುವಾಗ ಪ್ರತಿ ಸಲ ಆ ಬದಿಯ ಶೀಟಿನ ಮೇಲೂ ಬೀಳುತ್ತಿತ್ತು. ತುಕ್ಕು ಹಿಡಿದ ಸ್ಕ್ರೂಗಳು ಹೆಚ್ಚಾಗಿ ಆ ಬದಿಯಲ್ಲೇ ಇದ್ದವು! ಕಾರಣ ನಿಮಗೂ ಗೊತ್ತಿರುವುದೇ. ದ್ರಾವಣದ ಹದ ನೋಡಲು ಕುಡುಗೋಲು ಅದ್ದುತ್ತೇವಲ್ಲ? ಸುಣ್ಣ ಕಡಿಮೆಯಾಗಿದ್ದರೆ ಕುಡುಗೋಲಿಗೆ ತಾಮ್ರದ ಬಣ್ಣ ಹಿಡಿಯುತ್ತದೆ. ಕಬ್ಬಿಣ ಕರಗಿ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಮಾಡಿನ ಮೇಲೂ ಆಗೋದು ಅದೇ. ಸತು ಕಬ್ಬಿಣಕ್ಕಿಂತ ಬೇಗ ಕರಗುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಅನ್ನೋ ಹದ ಸರಿ ಇದ್ದರೂ, ಶೀಟಿನ ಮೇಲೆ ಬಿದ್ದ ತಾಮ್ರ ಬಿದ್ದದ್ದೇ. ಔಷಧಿ ಹೊಡೆದ ದಿನವೇ ಶೀಟಿನ ಮೇಲೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ಆ ಮಾಡಿನ ನೀರನ್ನು ಕುಡಿಯಲು ಹಿಡಿಯಬೇಡಿ.

ಮೂರನೆಯದು, ಡ್ರಿಲ್ ಮಾಡಿದಾಗ, ಕಟ್ಟಿಂಗ್ ಮೆಷಿನ್ ಹಿಡಿದಾಗ ಬೀಳುವ ಕಬ್ಬಿಣದ ಪುಡಿ. ಒಂದೇ ಮಳೆಗೆ ಅದು ತುಕ್ಕು ಹಿಡಿದು ಶೀಟಿನ ಬಣ್ಣವನ್ನೂ ತಿನ್ನುತ್ತದೆ. ಕೆಲಸ ಮುಗಿದ ಸಂಜೆ ಮೆತ್ತನೆಯ ಪೊರಕೆಯಲ್ಲಿ ಗುಡಿಸಿಸಿ. ಕರಾವಳಿಯವರಿಗೆ ಇದರ ಮೇಲೆ ಉಪ್ಪುಗಾಳಿಯೂ ಸೇರುತ್ತದೆ. ಅಲ್ಲಿ ಸ್ಕ್ರೂವಿನ ಲೇಪದಲ್ಲಿ ಜಿಪುಣತನ ಮಾಡಲೇಬಾರದು.

7. ಗಾಳಿ ಕೀಳುವ ಜಾಗ

ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಶೀಟು ಹಾರಿ ಹೋಗೋದನ್ನು ನೋಡಿದ್ದೀರಿ. ಗಾಳಿ ಶೀಟನ್ನು ಒತ್ತುವುದಕ್ಕಿಂತ ಮೇಲಕ್ಕೆ ಹೀರುವುದು ಹೆಚ್ಚು. ಮೂಲೆ, ಅಂಚು, ನೆತ್ತಿ, ಈ ಮೂರು ಕಡೆ ಹೀರುವಿಕೆ ಜೋರು. ಗೋಡೆಯಿಲ್ಲದ ಶೆಡ್ಡಾದರೆ ಕೆಳಗಿನಿಂದಲೂ ಗಾಳಿ ನೂಕುತ್ತದೆ. ಮಧ್ಯದಲ್ಲಿ ಒಂದು ಉಬ್ಬು ಬಿಟ್ಟು ಒಂದಕ್ಕೆ ಸ್ಕ್ರೂ ಹಾಕಿದರೂ ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಹಾಕಿಸಿ.

ಶೀಟಿನ ಮೇಲೆ ಶೀಟು ಕೂರುವ ಅಂಚು ಗಾಳಿಗೆ ಬೆನ್ನು ಹಾಕಿರಬೇಕು. ನಮ್ಮ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬರುವುದು. ನೆತ್ತಿ ಪೂರ್ವ-ಪಶ್ಚಿಮವಾಗಿದ್ದರೆ ಶೀಟು ಹಾಕಲು ಪೂರ್ವದ ತುದಿಯಿಂದ ಶುರು ಮಾಡಿ, ಪಶ್ಚಿಮದ ಶೀಟು ಪೂರ್ವದ್ದರ ಮೇಲೆ ಬರಲಿ. ಮೇಲಿನ ಶೀಟು ಕೆಳಗಿನದರ ಮೇಲೆ ಕನಿಷ್ಠ ಅರ್ಧ ಅಡಿ ಕೂರಬೇಕು, ಇಳಿಜಾರು ಕಡಿಮೆ ಇದ್ದರೆ ಇನ್ನೂ ಹೆಚ್ಚು.

ಶಿಂಗಲ್ಸ್ ಮಾಡಿಗೂ ಅದೇ ಪಾಠ

ಹೋಂಸ್ಟೇ ಮಾಡುವ ಗೆಳೆಯರು ಡಾಂಬರಿನ ಶಿಂಗಲ್ಸ್ ಹಾಕಿಸುವುದುಂಟು. ಅಲ್ಲಿ ಮೊಳೆ ಹೊರಗೆ ಕಾಣುವುದಿಲ್ಲ, ಮೇಲಿನ ಸಾಲು ಮುಚ್ಚಿರುತ್ತದೆ. ಆದರೆ ಕಾಯಿಲೆ ಅದೇ. ಹೆಚ್ಚು ಬಡಿದರೆ ಮೊಳೆಯ ತಲೆ ಶಿಂಗಲ್ಸನ್ನೇ ಸೀಳುತ್ತದೆ. ಕಡಿಮೆ ಬಡಿದರೆ ಎದ್ದ ತಲೆ ಮೇಲಿನ ಸಾಲಿಗೆ ತೂತು ಹೊಡೆಯುತ್ತದೆ. ಗುರುತಿನ ಗೆರೆ ಬಿಟ್ಟು ಮೇಲೆ ಹೊಡೆದರೆ ಎರಡು ಪದರ ಹಿಡಿಯಬೇಕಾದ ಮೊಳೆ ಒಂದನ್ನೇ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದಕ್ಕೆ ನಾಲ್ಕು ಮೊಳೆ, ಗಾಳಿ ಜೋರಿರುವ ಗುಡ್ಡದ ಮೇಲೆ ಆರು. ಕೆಳಗಿನ ಪ್ಲೈವುಡ್ ಹಸಿ ಇರುವಾಗ ಹೊಡೆದರೆ ಒಣಗಿದ ಮೇಲೆ ಮೊಳೆ ಏಳುತ್ತದೆ, ನಮ್ಮ ಅಡಿಕೆ ದಬ್ಬೆಯ ಕತೆಯೇ.

ರಿಪೇರಿ ಹೇಗೆ?

ಸಡಿಲವಾದದ್ದನ್ನು ಸುಮ್ಮನೆ ಬಿಗಿ ಮಾಡಬೇಡಿ. ವಾಷರ್ ಸತ್ತಿದ್ದರೆ ಬಿಗಿದೂ ಪ್ರಯೋಜನ ಇಲ್ಲ. ಹಳೆಯ ಸ್ಕ್ರೂ ತೆಗೆದು ಹೊಸ ವಾಷರಿನ ಜೊತೆ ಹೊಸದು ಹಾಕಿ. ತೂತು ದೊಡ್ಡದಾಗಿದ್ದರೆ ಒಂದು ನಂಬರ್ ದಪ್ಪದ್ದು. 12ನೇ ನಂಬರ್ ಇದ್ದಲ್ಲಿಗೆ 14. ಪೈಪು ತಪ್ಪಿದ ತೂತಿಗೆ ಶೀಟಿನದೇ ತುಂಡು ಇಟ್ಟು, ಅಡಿಗೆ ಸೀಲಂಟ್ ಹಚ್ಚಿ ರಿವೆಟ್ ಹೊಡೆಯಿಸಿ.

ಸಿಲಿಕೋನ್ ಕೊಳ್ಳುವಾಗ "ನ್ಯೂಟ್ರಲ್" ಅಂತ ಬರೆದಿರುವುದನ್ನೇ ಕೇಳಿ. ವಿನೆಗರಿನಂಥ ಹುಳಿ ವಾಸನೆ ಬರುವ ಸಿಲಿಕೋನ್ ಸತುವಿನ ಲೇಪವನ್ನು ತಿನ್ನುತ್ತದೆ. ಸೋರಿಕೆ ನಿಲ್ಲಿಸಲು ಹಚ್ಚಿದ್ದೇ ಮುಂದೆ ತೂತು ಮಾಡುತ್ತದೆ. ಡಾಂಬರು ಮೆತ್ತಿದ್ದು ಒಂದು ಮಳೆಗಾಲಕ್ಕೆ ಆಯ್ತು, ಬಿಸಿಲಿಗೆ ಬಿರುಕು ಬಿಡುತ್ತದೆ. ಡ್ರಿಲ್ಲಿಗೆ 8 ಮಿ.ಮೀ. ಸಾಕೆಟ್ ಹಾಕಿ, ಕ್ಲಚ್ ಇರುವ ಮೆಷಿನ್ ಆದರೆ ಕಡಿಮೆ ನಂಬರಿಗೆ ಇಟ್ಟು ಶುರು ಮಾಡಿ.

ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟಾದರೆ ಒಣಗಿದ್ದಾಗ ಡ್ರಿಲ್ ಮಾಡಬೇಡಿ, ಗುಡಿಸಬೇಡಿ. ಆ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ನೀರು ಚಿಮುಕಿಸಿ, ಸರಿಯಾದ ಮಾಸ್ಕ್ ಹಾಕಿ, ಇಲ್ಲದಿದ್ದರೆ ಮುಟ್ಟಲೇಬೇಡಿ.

ಹತ್ತುವ ಮುಂಚೆ

ಮಳೆಯಲ್ಲಿ ಹತ್ತಬೇಡಿ. ಮಾಲಿನ ಮೇಲೆ ಟಾರ್ಪಾಲು ಮುಚ್ಚಿ, ಜಾಗ ಬದಲಿಸಿ, ಬಿಸಿಲಿಗೆ ಕಾಯಿರಿ. ಒಬ್ಬರೇ ಹತ್ತಬೇಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಸ್ಕ್ರೂ ಸಾಲಿನ ಮೇಲೆಯೇ ಕಾಲಿಡಿ, ಯಾಕಂದ್ರೆ ಅದರ ಕೆಳಗೇ ಪೈಪು ಇರುವುದು. ಆಸ್ಬೆಸ್ಟಾಸ್, ಫೈಬರ್ ಶೀಟಿನ ಮೇಲೆ ಹಲಗೆ ಹಾಕದೆ ಕಾಲಿಡಲೇಬೇಡಿ. ಹತ್ತಿರ ಕರೆಂಟ್ ತಂತಿ ಇದೆಯಾ ನೋಡಿ, ತಗಡಿನ ಏಣಿ ಹಿಡಿದಾಗ ವಿಶೇಷವಾಗಿ.

ಮೇ ತಿಂಗಳ ಮೊದಲ ಎರಡು ವಾರ ಈ ಕೆಲಸಕ್ಕೆ ಸರಿಯಾದ ಕಾಲ. ನಮ್ಮ 71 ಸ್ಕ್ರೂ ಬದಲಿಸಲು ಇಬ್ಬರಿಗೆ ಒಂದೂವರೆ ದಿನ ಹಿಡಿಯಿತು. ಖರ್ಚು ಕಳೆದುಕೊಂಡ ಮೆಣಸಿನ ಒಂದು ಚೀಲದ ಬೆಲೆಗಿಂತ ಎಷ್ಟೋ ಕಡಿಮೆ. ಆಮೇಲೆ ಪ್ರತಿ ವರ್ಷ ಅರ್ಧ ದಿನ ಸಾಕಾಗುತ್ತಿದೆ. ಫೈಬರ್ ಶೀಟಿನ ಸುತ್ತ ಕೆಂಪು ಬಣ್ಣ ಬಳಿದಿದ್ದೇನೆ, ಪಾಚಿ ಕಟ್ಟಿದರೂ ಕಾಣಲಿ ಅಂತ. ಅದರ ಅಡಿಗೆ ಕಬ್ಬಿಣದ ಜಾಲರಿಯನ್ನೂ ಹಾಕಿಸಿದ್ದೇನೆ.

ಅಪ್ಪನಿಗೆ ಈಗ ಏಣಿ ಮುಟ್ಟಲು ಬಿಡುವುದಿಲ್ಲ. ಕೆಳಗೆ ನಿಂತು, ಫೋನಿನಲ್ಲಿ ಹೋದ ವರ್ಷದ ಫೋಟೋ ಹಿಡಿದು, "ಎಡಗಡೆಯಿಂದ ಮೂರನೇದು ನೋಡೋ, ಅದು ಓರೆ ಇದ್ದಂಗಿದೆ" ಅಂತ ಕೂಗಿ ಹೇಳ್ತಾರೆ. ಹೋದ ಸಲ ಹಾಗೆ ಹೇಳಿದ್ದು ನಿಜವಾಗಿಯೂ ಓರೆ ಇತ್ತು.

ಈ ಭಾನುವಾರ ಮಧ್ಯಾಹ್ನ ನಿಮ್ಮ ಶೆಡ್ಡಿನ ಬಾಗಿಲು ಹಾಕಿ ಐದು ನಿಮಿಷ ಮೇಲೆ ನೋಡಿ. ಒಂದೇ ಒಂದು ಬೆಳಕಿನ ಚುಕ್ಕಿ ಕಂಡರೂ ಮಳೆ ಹಿಡಿಯುವ ತನಕ ಕಾಯಬೇಡಿ.